ಜಾಝ್ ಉತ್ಸವದ ಜಮಾ-ಖರ್ಚು

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ 1970ರಲ್ಲಿ ಆರಂಭವಾದ ಜಾಝ್ ಅಂಡ್ ಹೆರಿಟೇಜ್ ಉತ್ಸವಕ್ಕೆ ಮೊದಲ ವರ್ಷ ಬಂದ ಶ್ರೋತೃಗಳು ಸುಮಾರು 350 ಮಂದಿ. ಕಲಾವಿದರ ಸಂಖ್ಯೆಯೇ ಅದಕ್ಕಿಂತ ಹೆಚ್ಚಿತ್ತು. ಇಂದು ಲಕ್ಷಾಂತರ ಜನ ಸೇರುತ್ತಾರೆ. ಉತ್ಸವದ ಒಡೆತನ ಲಾಭರಹಿತ ಪ್ರತಿಷ್ಠಾನದ್ದೆಂಬುದು ಗಮನಾರ್ಹ. ಮಿಗತೆಯು ಷೇರುದಾರರಿಗೆ ಹಂಚಿಕೆಯಾಗದೆ ಮಕ್ಕಳ ಉಚಿತ ಸಂಗೀತ ಶಿಕ್ಷಣಕ್ಕೂ ಕಲಾವಿದರ ಅನುದಾನಕ್ಕೂ ವಿನಿಯೋಗವಾಗುತ್ತದೆ.

ಧ್ವನಿಮುದ್ರಣ ಕಂಪನಿಯ ಆಸರೆಯಿಲ್ಲದ ಸ್ವತಂತ್ರ ಸಂಗೀತಗಾರನಿಗೆ ಇಲ್ಲಿನ ಸಂಭಾವನೆ ಒಂದು ದಿನದ ಆದಾಯವಷ್ಟೆ. ವೇದಿಕೆಯಿಂದ ದೊರೆಯುವ ಹೆಸರು ಮಾತ್ರ ವ್ಯಾಪಾರಿಯ ಗುಡ್‌ವಿಲ್‌ನಂತೆ ಮುಂದಿನ ಕಛೇರಿಗಳನ್ನು ತರುವ ಆಸ್ತಿ. ಉತ್ಸವದ ರಾತ್ರಿಗಳಲ್ಲಿ ಊರಿನ ಕ್ಲಬ್‌ಗಳೂ ಅವನಿಗೆ ದುಡಿಮೆ ಒದಗಿಸುತ್ತವೆ.

ಕೋವಿಡ್‌ನಿಂದ 2020 ಮತ್ತು 2021ರಲ್ಲಿ ಉತ್ಸವ ರದ್ದಾದಾಗ ಈ ಗಳಿಕೆಯೆಲ್ಲ ನಿಂತಿತು. ಆಗ ಪ್ರತಿಷ್ಠಾನವೇ ಸಂಗೀತಗಾರರಿಗಾಗಿ ಪರಿಹಾರ ನಿಧಿ ತೆರೆಯಿತು. ಪ್ರಾಯೋಜಕತ್ವವನ್ನು ಕೇವಲ ಜಾಹೀರಾತು ವೆಚ್ಚವೆಂದು ಭಾವಿಸುವ ಉದ್ಯಮಿಗಳು, ಮಿಗತೆ ಯಾರ ಕೈ ಸೇರುತ್ತದೆಂಬುದನ್ನೂ ವಿಚಾರಿಸುವುದು ಉಚಿತ.