ಅಗ್ಗದ ಕೋವಿಯ ಗುಣಮಟ್ಟವನ್ನು ಅಳೆಯುವವರು ಯಾರು?

ಮೂಡುಬಿದಿರೆಯಿಂದ ನಾರಾವಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಶಿರ್ತಾಡಿ ಅಡಿಕೆ ತೋಟ, ಗದ್ದೆ, ರಬ್ಬರ್ ಮರಗಳ ನಡುವಿನ ಒಂದು ಸಣ್ಣ ಪೇಟೆ. ಆದರೆ ಇಲ್ಲಿನ ಕೃಷಿಕರಿಗೆ ಮೂಡಣದ ಕಾಡು ಬಹಳ ಹತ್ತಿರ. ಹಂದಿ, ಮಂಗ, ಮುಳ್ಳುಹಂದಿ ತೋಟಕ್ಕೆ ಬರುವುದು ಈ ಸೀಮೆಯಲ್ಲಿ ಸುದ್ದಿಯೇ ಅಲ್ಲ. ಆದ್ದರಿಂದಲೇ ಇಲ್ಲಿಯ ಎಷ್ಟೋ ಮನೆಗಳಲ್ಲಿ, ನಮ್ಮ ಮನೆಯಲ್ಲಿಯೂ, ಬೆಳೆ ರಕ್ಷಣೆಯ ಪರವಾನಗಿಯುಳ್ಳ ಒಂದು ಒಂಟಿ ನಳಿಗೆಯ ಕೋವಿ ಇದೆ. ತುಳುವಿನಲ್ಲಿ ಅದು ‘ಬೆಡಿ’. ಅದರ ಬಹುಪಾಲು ಕೆಲಸ ಆಕಾಶಕ್ಕೆ ಒಂದು ಈಡು ಹಾರಿಸಿ ಸದ್ದು ಮಾಡುವುದು, ಅಷ್ಟೆ.

ಕೋವಿಯ ಕುರಿತ ನಮ್ಮ ಸಾರ್ವಜನಿಕ ಚರ್ಚೆ ಸಾಮಾನ್ಯವಾಗಿ ಎರಡೇ ಪ್ರಶ್ನೆಗಳ ಸುತ್ತ ತಿರುಗುತ್ತದೆ. ಪರವಾನಗಿ ಯಾರಿಗೆ ಕೊಡಬೇಕು? ಚುನಾವಣೆ ಬಂದಾಗ ಯಾರಿಂದ ಹಿಂಪಡೆಯಬೇಕು? ಇವುಗಳ ನಡುವೆ ಮೂರನೆಯ ಪ್ರಶ್ನೆಯೊಂದು ಕಳೆದುಹೋಗಿದೆ. ಸಾಧಾರಣ ಆದಾಯದ ಒಬ್ಬ ರೈತ ಕಡಿಮೆ ಬೆಲೆಗೆ ಕೊಂಡ, ಇಲ್ಲವೇ ತಂದೆಯಿಂದ ಪಡೆದ ಕೋವಿ ಹಾರಿಸುವವನ ಪಾಲಿಗೆ ಸುರಕ್ಷಿತವೇ, ನಂಬಲರ್ಹವೇ ಎಂಬುದನ್ನು ನಿರ್ಣಯಿಸುವುದು ಹೇಗೆ?

ಮಿಕ್ಸರ್ ಕೊಳ್ಳುವವನಿಗೆ ಐಎಸ್‌ಐ ಮುದ್ರೆಯಿದೆ, ಗ್ರಾಹಕ ವೇದಿಕೆಯಿದೆ. ಕೋವಿ ಕೊಳ್ಳುವವನಿಗೆ ಇರುವುದು ಅಂಗಡಿಯವನ ಮಾತು ಮತ್ತು ನೆರೆಮನೆಯವರ ಅನುಭವ ಮಾತ್ರ. ಕಾರ್ಖಾನೆಯಲ್ಲಿ ‘ಪ್ರೂಫ್’ ಪರೀಕ್ಷೆಯೇನೋ ನಡೆಯುತ್ತದೆ. ಸಾಮಾನ್ಯ ತೋಟೆಗಿಂತ ಹೆಚ್ಚು ಒತ್ತಡದ ತೋಟೆಯನ್ನು ಹಾರಿಸಿ, ನಳಿಗೆ ಸೀಳದಿದ್ದರೆ ಅದರ ಮೇಲೆ ಮುದ್ರೆ ಒತ್ತಲಾಗುತ್ತದೆ. ಆದರೆ ಆ ಮುದ್ರೆ ಹೇಳುವುದು ಆ ದಿನದ ಬಲವನ್ನು ಮಾತ್ರ. ನೂರು ಬಾರಿ ಟ್ರಿಗರ್ ಎಳೆದರೆ ಎಷ್ಟು ಬಾರಿ ಕೈಕೊಡುತ್ತದೆ, ಕೈಜಾರಿ ಬಿದ್ದರೆ ತಾನಾಗಿ ಸಿಡಿಯುತ್ತದೆಯೇ, ಇಪ್ಪತ್ತು ಮಳೆಗಾಲಗಳ ಅನಂತರ ಅದರ ಸ್ಥಿತಿ ಏನು ಎಂಬುದನ್ನು ಅದು ಹೇಳಲಾರದು.

ಈ ವಿಷಯದಲ್ಲಿ ಅಗ್ಗದ ಪಿಸ್ತೂಲುಗಳ ಇತಿಹಾಸ ನಮಗೆ ಪಾಠವಾಗಬಲ್ಲದು. ಅಮೆರಿಕದ ಲಾಸ್ ಏಂಜಲೀಸ್ ಸುತ್ತಲಿನ ಕೆಲವು ಕಂಪನಿಗಳು 1980 ಮತ್ತು 90ರ ದಶಕಗಳಲ್ಲಿ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಎರೆದು, ಲಕ್ಷಗಟ್ಟಲೆ ಅಗ್ಗದ ಸೆಮಿ ಆಟೋಮ್ಯಾಟಿಕ್ ಪಿಸ್ತೂಲುಗಳನ್ನು ಮಾರಿದವು. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಧಿಕಾರವ್ಯಾಪ್ತಿಯಿಂದ ಬಂದೂಕುಗಳನ್ನು 1972ರಲ್ಲಿಯೇ ಹೊರಗಿಡಲಾಗಿತ್ತು. 1994ರಲ್ಲಿ, ಬ್ರೈಕೋ ಎಂಬ ಕಂಪನಿಯ ಪಿಸ್ತೂಲಿನಿಂದ ಗುಂಡು ತೆಗೆಯಲು ಹೊರಟಾಗ ಅದು ಸಿಡಿದು ಏಳು ವರ್ಷದ ಬಾಲಕನೊಬ್ಬ ಅಂಗವಿಕಲನಾದ. ಗುಂಡು ತೆಗೆಯಬೇಕಾದರೆ ಸೇಫ್ಟಿಯನ್ನು ಸಡಿಲಿಸಲೇಬೇಕೆಂಬಂತಹ ವಿನ್ಯಾಸ ಅದರದ್ದು. 2003ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಎರಡು ಕೋಟಿ ಡಾಲರಿಗೂ ಮಿಕ್ಕಿದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು, ಕಂಪನಿ ದಿವಾಳಿಯಾಯಿತು.

ಹಾಗೆಂದು ಅಗ್ಗವಾದುದೆಲ್ಲ ಕಳಪೆ ಎಂದು ತೀರ್ಮಾನಿಸುವುದು ಸರಿಯಲ್ಲ. ಓಹಾಯೋದ ಹೈಪಾಯಿಂಟ್ ಕಂಪನಿಯ ಪಿಸ್ತೂಲುಗಳ ಸ್ಲೈಡ್ ಕೂಡ ಸತುವಿನ ಮಿಶ್ರಲೋಹದ್ದೇ. ನೋಡಲು ಒರಟು, ಹಿಡಿಯಲು ಭಾರ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲದಿಂದಷ್ಟೇ ಗುಂಡಿನ ಹಿಂದೊದೆತವನ್ನು ತಡೆಯುವ ಸರಳ ರಚನೆಗೆ ಆ ಭಾರ ಅನಿವಾರ್ಯ. ಅಂದಗೇಡಿಯೆಂಬ ಹೆಸರಿದ್ದರೂ ಆಯುಷ್ಯಪೂರ್ತಿ ಖಾತರಿಯೊಡನೆ ಅದು ಮಾರುಕಟ್ಟೆಯಲ್ಲಿ ಉಳಿದುಕೊಂಡಿದೆ. ಎರಡರ ನಡುವಿನ ವ್ಯತ್ಯಾಸವನ್ನು ಬೆಲೆಯ ಚೀಟಿ ಹೇಳುವುದಿಲ್ಲ, ಪರೀಕ್ಷೆ ಹೇಳುತ್ತದೆ.

ಅಂತಹ ಪರೀಕ್ಷೆ ಅಸಾಧ್ಯವೇನೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 2001ರ ಜನವರಿಯಿಂದ ಜಾರಿಗೆ ಬಂದ ಕಾನೂನಿನಂತೆ, ಮಾದರಿಯೊಂದರ ಮೂರು ಪಿಸ್ತೂಲುಗಳನ್ನು ಪ್ರಯೋಗಾಲಯಕ್ಕೆ ಒಪ್ಪಿಸಬೇಕು. ಪ್ರತಿಯೊಂದರಿಂದಲೂ 600 ಗುಂಡು ಹಾರಿಸಲಾಗುತ್ತದೆ. ಮೊದಲ 20ರಲ್ಲಿ ಒಂದು ತೊಡಕೂ ಇರಬಾರದು, ಒಟ್ಟಾರೆ ಆರಕ್ಕಿಂತ ಹೆಚ್ಚು ಇರಬಾರದು. ಸುಮಾರು ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಬೇರೆ ಬೇರೆ ಭಂಗಿಗಳಲ್ಲಿ ಕೆಡವಿದಾಗ ಅದು ಸಿಡಿಯಬಾರದು. ‘ನಂಬಲರ್ಹ’ ಎಂಬ ಸಡಿಲ ಪದಕ್ಕೆ ಇಲ್ಲಿ ಒಂದು ಲೆಕ್ಕ ದೊರಕಿತು.

ನಮ್ಮಲ್ಲಿ ಪರಿಸ್ಥಿತಿ ಬೇರೆ. 1980ರ ದಶಕದಲ್ಲಿ ಆಮದು ನಿಂತ ಮೇಲೆ, ಪಿಸ್ತೂಲು–ರಿವಾಲ್ವರುಗಳಿಗೆ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳೇ ಬಹುಕಾಲ ಗತಿಯಾದವು. 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರಿಗಾಗಿ ಎಂದು ಹೊರತಂದ ಅರ್ಧ ಕಿಲೋ ತೂಕದ ‘ನಿರ್ಭೀಕ್’ ರಿವಾಲ್ವರಿನ ಬೆಲೆ ಆಗ ಸುಮಾರು 1.22 ಲಕ್ಷ ರೂಪಾಯಿ ಇತ್ತು. ಸ್ಪರ್ಧೆಯಿಲ್ಲದ ಮಾರುಕಟ್ಟೆಯಲ್ಲಿ ದುಬಾರಿ ಬೆಲೆಯೂ ಗುಣಮಟ್ಟದ ಸಾಕ್ಷಿಯಾಗಲಾರದು. 2016ರ ಶಸ್ತ್ರಾಸ್ತ್ರ ನಿಯಮಗಳ ತರುವಾಯ ಖಾಸಗಿಯವರೂ ಈ ಕ್ಷೇತ್ರಕ್ಕೆ ಬರುತ್ತಿದ್ದಾರೆ. ಆದರೆ ರೈತನ ಕೈಗೆಟಕುವುದು ಮುಂಗೇರ್, ಜಮ್ಮುವಿನಂತಹ ಊರುಗಳ ಸಣ್ಣ ಕಾರ್ಖಾನೆಗಳಲ್ಲಿ ತಯಾರಾಗುವ ತೋಟೆ ಕೋವಿ, ಇಲ್ಲವೇ ಹಳೆಯ ಕೇಪಿನ ಕೋವಿ. ಅವುಗಳಲ್ಲಿ ಒಳ್ಳೆಯವೂ ಇವೆ, ಅಲ್ಲದವೂ ಇವೆ.

ಅನುಭವಿಗಳು ನೋಡುವ ಕ್ರಮ ಹೀಗಿದೆ: ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಗುಳಿ, ಹೊರಗೆ ಉಬ್ಬು ಅಥವಾ ತಗ್ಗು ಇದೆಯೇ ಎಂದು ಪರೀಕ್ಷಿಸುತ್ತಾರೆ. ಕೋವಿಯನ್ನು ಮುಚ್ಚಿ ಅಲುಗಾಡಿಸಿ, ನಳಿಗೆಯೂ ಹಿಂಭಾಗವೂ ಕೂಡುವ ಸಂದಿನಲ್ಲಿ ಸಡಿಲವಿದೆಯೇ ನೋಡುತ್ತಾರೆ. ತೋಟೆಯಿಲ್ಲದೆ ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿ, ಟ್ರಿಗರ್ ಒತ್ತಿದರೆ ಅದು ಬೀಳಬಾರದು. ಕರಾವಳಿಯಲ್ಲಿ ಇನ್ನೂ ಒಂದು ಎಚ್ಚರ ಅಗತ್ಯ. ಮೂಲೆಯಲ್ಲಿಟ್ಟ ಕೋವಿಯ ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಅದನ್ನು ನೋಡದೆ ಹಾರಿಸಿದರೆ ಉತ್ತಮ ನಳಿಗೆಯೂ ಸೀಳಬಹುದು. ಕಾಗದದ ತೋಟೆ ಮಳೆಗಾಲದ ತೇವಕ್ಕೆ ಉಬ್ಬಿಕೊಂಡು ಒಳಗೆ ಹೋಗದು. ಈ ತಿಳಿವಳಿಕೆ ಬಾಯಿಂದ ಬಾಯಿಗೆ ಬಂದದ್ದು. ಕೃಷಿ ಬಿಟ್ಟು ಪಟ್ಟಣ ಸೇರಿದ ಮಕ್ಕಳಿಗೆ ಅದು ದಾಟಿಲ್ಲ, ಕೋವಿ ಮಾತ್ರ ದಾಟಿದೆ.

ಇದರ ಮೇಲೆ ಚುನಾವಣೆಯ ಠೇವಣಿ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಜಾರಿಯಾಯಿತು. ಮತ ಎಣಿಕೆ ಮುಗಿದದ್ದು ಜೂನ್ 4ಕ್ಕೆ. ಸುಮಾರು ಎಂಬತ್ತು ದಿನ. ಠಾಣೆಯೊಂದರ ಕೋಣೆಯಲ್ಲಿ ಕೋವಿಗಳನ್ನು ಸೌದೆಯಂತೆ ಒಟ್ಟಿದ್ದನ್ನು ನಾನು ಕಂಡಿದ್ದೇನೆ. ಎಣ್ಣೆ ಕಾಣದೆ, ನಳಿಗೆಗೆ ನಳಿಗೆ ತಾಗಿಕೊಂಡು ಬಿದ್ದಿದ್ದ ಅವು ಮಾಲೀಕರ ಕೈಗೆ ಮರಳಿದ್ದು ಮಳೆ ಹಿಡಿದ ಮೇಲೆ. ಪ್ರತಿಯೊಂದು ಪ್ರಕರಣವನ್ನೂ ಪರಿಶೀಲಿಸಿಯೇ ಠೇವಣಿಯನ್ನು ನಿರ್ಧರಿಸಬೇಕೆಂಬ ಆಶಯದಿಂದ ಚುನಾವಣಾ ಆಯೋಗ ಪರಿಶೀಲನಾ ಸಮಿತಿಗಳನ್ನು ಸೂಚಿಸಿದೆಯಾದರೂ, ಹಳ್ಳಿಯ ರೈತನಿಗೆ ಅದರ ಫಲ ಸಿಗುವುದು ಅಪರೂಪ.

ಕೋವಿಗಳು ಹೆಚ್ಚಬೇಕೆಂದು ನಾನು ವಾದಿಸುತ್ತಿಲ್ಲ. ಪರವಾನಗಿ ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಕೊಲ್ಲುವ ಅಧಿಕಾರ ಬರುವುದಿಲ್ಲ ಎಂಬುದೂ ಸ್ಪಷ್ಟವಿರಲಿ. ಬೆಳೆಹಾನಿ ಮಾಡುವ ಹಂದಿಯ ವಿಷಯದಲ್ಲಿಯೂ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು. ಆದರೆ ಕಾನೂನುಬದ್ಧವಾಗಿ ಮನೆಯಲ್ಲಿರುವ ಆಯುಧ ಹಾರಿಸುವವನ ಕಣ್ಣು–ಕೈಗಳನ್ನು ಕಳೆಯುವಂತಿರಬಾರದು. ಸರ್ಕಾರ ನಂಬರನ್ನೂ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಂಡು ತೃಪ್ತಿಪಟ್ಟರೆ ಸಾಲದು. ಪರವಾನಗಿಯ ನವೀಕರಣ ಐದು ವರ್ಷಕ್ಕೊಮ್ಮೆ ಹೇಗೂ ನಡೆಯುತ್ತದೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಆಯುಧಗಳನ್ನು ಬಲ್ಲವರಿದ್ದಾರೆ. ಅವರಿಂದ ಆಗಲೇ ಒಂದು ತಪಾಸಣೆ ಮಾಡಿಸಿ, ಅಪಾಯಕಾರಿಯಾದುದನ್ನು ಗುರುತಿಸಿ ಹೇಳುವುದು ದೊಡ್ಡ ಖರ್ಚಿನ ಕೆಲಸವಲ್ಲ. ಹೊಸ ಮಾದರಿಗಳನ್ನು ಕೆಡವಿ, ಹಾರಿಸಿ ನೋಡಿದ ಫಲಿತಾಂಶವನ್ನು ತಯಾರಕರು ಪ್ರಕಟಿಸುವಂತೆ ಮಾಡುವುದೂ ಸಾಧ್ಯ. ಮತ್ತು ಠೇವಣಿ ಇಡಿಸಿಕೊಂಡ ಕೋವಿಗೆ ಒಂದು ಕಟಕಟೆ, ಒಂದು ತೊಟ್ಟು ಎಣ್ಣೆ ಒದಗಿಸುವುದು ವಶಕ್ಕೆ ಪಡೆದವರ ಕರ್ತವ್ಯ. ಬಡವನ ಕೋವಿ ಅಗ್ಗದ್ದಿರಬಹುದು, ಅದನ್ನು ಹಿಡಿದ ಕೈ ಅಗ್ಗದ್ದಲ್ಲ.