ರಾಯರ ನಾಡಿಗೆ ಸುಣ್ಣ ಗೊತ್ತಿರಲಿಲ್ಲವೇ?

ವಿಜಯನಗರದ ಅರಸ ಕೃಷ್ಣದೇವರಾಯ ಕೆರೆ ಕಟ್ಟಿಸಲು ಹೊರಟಾಗ ಗೋವೆಯ ಪೋರ್ಚುಗೀಸ್ ಗವರ್ನರನಲ್ಲಿ ಕಲ್ಲುಕೆಲಸದವರನ್ನು ಕೇಳಿ ಕರೆಸಿಕೊಂಡ. ಹಾಗೆ ಬಂದವನು ಜೊವಾವೊ ದೆ ಲಾ ಪೊಂಟೆ. ಇಷ್ಟು ದೊಡ್ಡ ಕೆರೆ ಆಗದ ಮಾತು ಎಂದೇ ಅವನ ಎಣಿಕೆ. ಆದರೂ ಒಪ್ಪಿಕೊಂಡು, ಮೊದಲು ಸುಣ್ಣ ಸಿದ್ಧಮಾಡಿಸಿ ಎಂದ. ರಾಯ ಜೋರಾಗಿ ನಕ್ಕನಂತೆ. 1535ರ ಸುಮಾರಿಗೆ ಈ ಪ್ರಸಂಗ ಬರೆದಿಟ್ಟ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್ ನಗುವಿಗೆ ಕಾರಣವನ್ನೂ ಕೊಡುತ್ತಾನೆ: ಈ ನಾಡಿನಲ್ಲಿ ಮನೆ ಕಟ್ಟುವವರಿಗೆ ಸುಣ್ಣದ ಬಳಕೆಯೇ ತಿಳಿಯದು!

ರಾಯನ ರಾಜಧಾನಿಯಾಗಿದ್ದ ಹಂಪಿಯ ಗೋಡೆಗಳು ಈ ಮಾತನ್ನು ಒಪ್ಪುವುದಿಲ್ಲ.

ರಾಣಿಯರ ಸ್ನಾನಗೃಹವನ್ನೇ ನೋಡಬಹುದು. ಹೊರಗಿನಿಂದ ಬೋಳು ಗೋಡೆ. ಒಳಗೆ ಕಾಲಿಟ್ಟರೆ ಸುಮಾರು 15 ಮೀಟರ್ ಚದರದ ಕೊಳ, ಅದರ ಸುತ್ತ ಕಮಾನಿನ ಮೊಗಸಾಲೆ, ಮೇಲೆಲ್ಲ ಗಾರೆಯ ಕುಸುರಿ. ಕಟ್ಟಡದ ಸುತ್ತ ನೀರಿನ ಕಂದಕ. ಕಮಲ ಮಹಲಿನಲ್ಲೂ ಅದೇ ಗಾರೆ. ಅದರ ಗೋಡೆಯ ಕೊಳವೆಗಳನ್ನು ತೋರಿಸಿ, ಮಹಲನ್ನು ತಂಪಾಗಿಡಲು ಇವುಗಳಲ್ಲಿ ನೀರು ಹರಿಸುತ್ತಿದ್ದರು ಎನ್ನುತ್ತಾರೆ ಮಾರ್ಗದರ್ಶಕರು. ಅರಮನೆ ಆವರಣದ ನೆಲದಡಿಯಿಂದಲೂ ಸುಟ್ಟಮಣ್ಣಿನ ಕೊಳವೆಗಳು ಎದ್ದುಬಂದಿವೆ. ಒಂದರ ಕಿರಿದಾದ ತುದಿ ಮುಂದಿನದರ ಬಾಯೊಳಗೆ ಕೂರಬೇಕು, ಸಂದಿನಿಂದ ಹನಿ ಸೋರಬಾರದು. ಅದಕ್ಕೆ ಬೇಕಾದದ್ದು ಸುಣ್ಣದ ಗಾರೆಯೇ. ನುನಿಜ್ ಹೇಳಿದ ನಗು ನಿಜವಿರಬಹುದು, ಕೊಟ್ಟ ಕಾರಣ ಮಾತ್ರ ಸುಳ್ಳು.

ರಾಯ ಕಟ್ಟಿಸಿದ ಆ ಕೆರೆಯ ಕಥೆಯೂ ಸಣ್ಣದಲ್ಲ. ಜಾಗ ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರಿನ ಕಡೆ ಬೆಟ್ಟಗಳು ಎದುರಾಗುವ ಕಣಿವೆಯ ಬಾಯಿ. ಕಲ್ಲು ಬಂಡೆಗಳನ್ನು ಉರುಳಿಸಿ ಹಗಲು ಏರಿ ಹಾಕಿದರೆ ರಾತ್ರಿ ಕುಸಿಯುತ್ತಿತ್ತು. ಪಂಡಿತರೂ ಮಂತ್ರವಾದಿಗಳೂ ಬಲಿ ಬೇಕೆಂದರು; ಸೆರೆಯಲ್ಲಿದ್ದ ಮರಣದಂಡನೆಯ ಕೈದಿಗಳ ತಲೆ ಉರುಳಿತು. 1520ರ ಸುಮಾರಿಗೆ ಕಾಮಗಾರಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಬಲಿಯಾದವರು ಅರವತ್ತು ಮಂದಿ ಎನ್ನುತ್ತಾನೆ, ಜೊತೆಗೆ ಕುದುರೆ, ಕೋಣಗಳೂ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ ಕೇಳಿ ಬೆಳೆದವರಿಗೆ ಈ ಸಂಕಟ ಅಪರಿಚಿತವಲ್ಲ. ಅಲ್ಲಿ ಬಲಿಯಾದ ಭಾಗೀರಥಿಗೆ ಹೆಸರಾದರೂ ಇದೆ, ಇಲ್ಲಿ ಸತ್ತವರಿಗೆ ಅದೂ ಇಲ್ಲ.

ಪಾಯೆಸ್ ಇನ್ನೊಂದು ವಿವರ ಕೊಡುತ್ತಾನೆ: ಬೆಟ್ಟದ ಬುಡದುದ್ದಕ್ಕೂ ಮೂರು ಲೀಗ್‌ಗಿಂತ ದೂರದಿಂದ ಕೊಳವೆಗಳಲ್ಲಿ ಈ ಕೆರೆಗೆ ನೀರು ಬರುತ್ತಿತ್ತು. ಏರಿಯಡಿಯಲ್ಲಿ ಬೇಕೆಂದಾಗ ತೆರೆದು ಮುಚ್ಚುವ ಕೊಳವೆಗಳಿದ್ದವು ಎಂದು ನುನಿಜ್ ಬರೆಯುತ್ತಾನೆ. ಕೆಳಗಿನ ಭೂಮಿಯನ್ನು ಹಸನು ಮಾಡಿದವರಿಗೆ ಒಂಬತ್ತು ವರ್ಷ ಕಂದಾಯ ಮಾಫಿ. ಬಳಿಕ ಆ ನೆಲದ ಹುಟ್ಟುವಳಿ 20,000 ಪರ್ದಾವ್ ಚಿನ್ನದ ನಾಣ್ಯಗಳಿಗೆ ಏರಿತು. ಇವರಿಬ್ಬರ ಬರಹ ರಾಬರ್ಟ್ ಸೆವೆಲ್‌ನ ಅನುವಾದದಲ್ಲಿ 1900ರಲ್ಲಿ ಇಂಗ್ಲಿಷಿಗೆ ಬಂತು.

ಪೋರ್ಚುಗೀಸನ ನೆರವಿಲ್ಲದೆ ಈ ಊರಿನ ಕೈಗಳು ಏನು ಮಾಡಬಲ್ಲವಾಗಿದ್ದವು ಎಂಬುದಕ್ಕೆ ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ ಸಾಕ್ಷಿ. 1980ರ ದಶಕದ ಉತ್ಖನನದವರೆಗೆ ಅದು ಮಣ್ಣಿನಡಿ ಇತ್ತು. ಕರಿಕಲ್ಲಿನ ಒಂದೊಂದು ತುಂಡಿನ ಮೇಲೂ ಯಾವ ದಿಕ್ಕು, ಯಾವ ಹಂತ ಎಂಬ ಗುರುತು ಕೆತ್ತಿದೆ. ಪಕ್ಕದಲ್ಲೇ ಗ್ರಾನೈಟ್ ಕಂಬಗಳ ಮೇಲೆ ಸಾಗಿಬರುವ ಕಲ್ಲುದೋಣಿಗಳ ಸಾಲು. ಕಮಲಾಪುರ ಕೆರೆ ಎತ್ತರದಲ್ಲಿರುವುದರಿಂದ ನೀರು ತಾನಾಗಿ ಇಳಿದು ಬರುತ್ತಿತ್ತು. ಆ ಕೆರೆಯನ್ನು ತುಂಬಿಸುತ್ತಿದ್ದದ್ದು ರಾಯ ಕಾಲುವೆ.

1565ರಲ್ಲಿ ದಖ್ಖನಿನ ಸುಲ್ತಾನರಿಗೆ ವಿಜಯನಗರ ಸೋತ ನಂತರ ತೆರೆದ ಕಾಲುವೆಗಳು ಉಳಿದವು, ಮುಚ್ಚಿದ ಕೊಳವೆಗಳು ಸತ್ತವು. ತುರ್ತಾ ಕಾಲುವೆ ಇವತ್ತಿಗೂ ಪಾಳುಬಿದ್ದ ಪಟ್ಟಣದ ನಡುವೆ ಹರಿದು ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತದೆ. ಬಸವ ಕಾಲುವೆ ಹೊಸಪೇಟೆಯ ಕಡೆ, ಕಂಪ್ಲಿಯ ಕಾಲುವೆ ಆ ಸೀಮೆಯಲ್ಲಿ. ಹೂಳು ತುಂಬಿದರೆ ರೈತರು ಗುದ್ದಲಿ ಹಿಡಿದು ಇಳಿದರೆ ಸಾಕು. ಗೋಡೆಯೊಳಗಿನ ಕೊಳವೆ ಕಟ್ಟಿಕೊಂಡರೆ ಬಲ್ಲವನೇ ಬರಬೇಕು. ಅವನಿಗೆ ಸಂಬಳ ಕೊಡುತ್ತಿದ್ದ ಅರಮನೆಯೇ ಇಲ್ಲವಾದಾಗ ಅವನ ವಿದ್ಯೆಯೂ ಹೋಯಿತು. ಗೆದ್ದವರ ವಿಜಯಪುರದಲ್ಲಿ ಮಾತ್ರ ಅಂಥ ಕಸುಬು ಬೆಳೆಯುತ್ತಲೇ ಇತ್ತು. 1651ರ ಬೇಗಂ ತಲಾಬಿನಿಂದ ಅಲ್ಲಿಯೂ ಮಣ್ಣಿನ ಕೊಳವೆಗಳಲ್ಲೇ ಊರಿಗೆ ನೀರು ಹೋಯಿತು, ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳು ಎದ್ದವು.

ಹಂಪಿಗೆ ಬಂದವರು ಕಲ್ಲಿನ ರಥದ ಮುಂದೆ ಮುಗಿಬೀಳುತ್ತಾರೆ, ಒಡೆದ ಕೊಳವೆಯನ್ನು ದಾಟಿ ನಡೆದುಬಿಡುತ್ತಾರೆ. ಇದು ನೋವಿನ ಸಂಗತಿ. ಕೆತ್ತನೆಗೆ ಕೊಡುವ ಕಾವಲು ಈ ಮಣ್ಣಿನ ತುಂಡುಗಳಿಗೂ ಸಿಗಬೇಕು. ಕಮಲಾಪುರ ಕೆರೆಯಿಂದ ನೀರು ಯಾವ ದಾರಿಯಲ್ಲಿ ಹೊರಟು, ಎಲ್ಲಿ ಕವಲೊಡೆದು, ಯಾವ ಹೊಂಡಕ್ಕೆ ಇಳಿಯಿತು ಎಂದು ತೋರಿಸುವ ದೊಡ್ಡ ನಕ್ಷೆಯೊಂದು ಪುಷ್ಕರಣಿಯ ಪಕ್ಕದಲ್ಲಿ, ಕನ್ನಡದಲ್ಲಿ, ಶಾಲೆಯ ಮಕ್ಕಳ ಕಣ್ಣಿಗೆ ಎಟುಕುವ ಎತ್ತರದಲ್ಲಿ ನಿಲ್ಲಬೇಕು.