ಮೈಯ ಉರಿಯೂತವೂ ಮುಪ್ಪಿನ ಮರವೆಯೂ

ಅರವತ್ತಕ್ಕೆ ಅರಳು ಮರಳು ಎಂಬ ಮಾತನ್ನು ನಾವೂ ನಂಬಿದ್ದೆವು. ಕೆಲವು ವರ್ಷಗಳ ಹಿಂದೆ, ಆಟಿ ತಿಂಗಳ ಒಂದು ಇರುಳು, ಎಂಬತ್ತು ದಾಟಿದ ನಮ್ಮ ತಾಯಿಯವರು ನಮ್ಮನ್ನೇ ನೋಡಿ "ನೀನು ಯಾರ ಮಗ?" ಎಂದು ಕೇಳಿದರು. ಹಿಂದಿನ ಸಂಜೆಯಷ್ಟೇ ದೇವರಿಗೆ ದೀಪವಿಟ್ಟು, ಮೊಮ್ಮಕ್ಕಳನ್ನು ಹೆಸರು ಹಿಡಿದು ಕರೆದವರು ಅವರು. ವಯೋಧರ್ಮವೆಂದು ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ವೈದ್ಯರು ಪರೀಕ್ಷಿಸಿ, ಮೂತ್ರಕೋಶದ ಸೋಂಕೆಂದರು. ಔಷಧಿಯಿಂದ ತಿಳಿವು ಬಹುಮಟ್ಟಿಗೆ ಮರಳಿತು. ಮೊದಲಿನ ನೆನಪು ಪೂರ್ಣವಾಗಿ ಮರಳಲಿಲ್ಲ. ಆ ಎರಡು ದಿನಗಳ ಅಜ್ಞಾನ ನಮ್ಮದು.

ಮೂತ್ರಕೋಶಕ್ಕೂ ಮೆದುಳಿಗೂ ಏನು ನಂಟು? ಗಾಯವಾದೆಡೆ ಕೆಂಪೇರಿ, ಬಿಸಿಯಾಗಿ, ಊದಿ, ನೋಯುವುದೇ ಉರಿಯೂತ. ಇದು ದೇಹದ ರಕ್ಷಣೋಪಾಯ. ಆಗ ಹುಟ್ಟುವ ದ್ರವ್ಯಗಳ ಸಂದೇಶವು ರಕ್ತದ ಮತ್ತು ನರಗಳ ಮೂಲಕ ಮೆದುಳನ್ನೂ ಮುಟ್ಟುತ್ತದೆ. ಅಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಜರ್ಮನಿಯ ವೈದ್ಯ ಆಲ್ಝೈಮರ್ 1906ರಲ್ಲಿ ವಿವರಿಸಿದ ಮರವೆಯ ರೋಗದಲ್ಲಿ, ಮೆದುಳಿನೊಳಗೆ ಶೇಖರವಾಗುವ ಕೆಟ್ಟ ಪ್ರೋಟೀನನ್ನು ತೆಗೆಯಲು ಈ ಕೋಶಗಳು ಮೊದಲೇ ಹೆಣಗುತ್ತಿರುತ್ತವೆ. ಹೊರಗಿನಿಂದ ಇನ್ನೊಂದು ಉರಿಯೂತದ ಕರೆ ಬಂದರೆ, ತೋಟ ಕಾಯಬೇಕಾದವನೇ ಗಾಬರಿಯಲ್ಲಿ ಸಸಿಗಳನ್ನು ತುಳಿದಂತೆ, ನರಕೋಶಗಳ ಸಂಧಿಗಳನ್ನೇ ಕೆಡಿಸಬಲ್ಲವು.

ಆದರೆ ಉರಿಯೂತವೊಂದೇ ಕಾರಣವೆಂದು ತಿಳಿಯಬಾರದು. ಊತ ಇಳಿಸುವ ಮಾತ್ರೆಗಳನ್ನು ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ಈ ರೋಗ ತಡೆಯಲ್ಪಡಲಿಲ್ಲ. ಆದುದರಿಂದ ನೋವಿನ ಮಾತ್ರೆಯನ್ನು ಮರವೆಯ ಮದ್ದೆಂದು ಸ್ವತಃ ನುಂಗುವುದು ಸಲ್ಲದು. ಎಲೆಯಡಿಕೆ ಹಾಕುವ ನಮ್ಮವರು ಒಸಡನ್ನು ಗಮನಿಸಬೇಕು; ಒಸಡಿನ ರೋಗಕ್ಕೂ ಮರವೆಗೂ ನಂಟು ಕಂಡುಬಂದಿದೆ, ಅದೇ ಕಾರಣವೆಂದು ಸಿದ್ಧವಾಗಿಲ್ಲ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರದವರು 45 ವರ್ಷ ದಾಟಿದವರನ್ನು ವರುಷಗಟ್ಟಲೆ ಅನುಸರಿಸಿ ನೋಡುತ್ತಿದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಕಿವುಡು ಮೊದಲಾದ 14 ಕಾರಣಗಳನ್ನು ನಿವಾರಿಸಿದರೆ ಲೋಕದ ಮರವೆ ರೋಗಗಳಲ್ಲಿ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ ಅಂದಾಜಿಸಿತು.

ಗಡಿನಾಡಿನ ನಮಗೆ ಇನ್ನೊಂದು ಎಚ್ಚರ ಅಗತ್ಯ. ತಿಳಿವು ಕದಡಿದ ಆ ದಿನ ನಮ್ಮ ತಾಯಿಯವರಿಗೆ ಮಲೆಯಾಳದ ಪ್ರಶ್ನೆಗಳು ಅರ್ಥವಾಗಲಿಲ್ಲ. ಕನ್ನಡದಲ್ಲಿ ಕೇಳಿದಾಗಲೇ ಉರಿಮೂತ್ರವನ್ನು ಹೇಳಿದರು. ಹಿರಿಯರನ್ನು ಆಸ್ಪತ್ರೆಗೆ ಒಯ್ದಾಗ ಅವರ ನುಡಿ ಬಲ್ಲ ಒಬ್ಬರು ಹಾಸಿಗೆಯ ಬಳಿ ಇರಲೇಬೇಕು. ಮರವೆ ಮೆಲ್ಲನೆ ಬರುತ್ತದೆ. ಒಂದೆರಡು ದಿನಗಳಲ್ಲಿ ಬಂದ ಗೊಂದಲಕ್ಕೆ ಮೈಯಲ್ಲಿ ಬೇರೆ ಬೇನೆ ಇರಬಹುದು. ಅದನ್ನು ಅರಳು ಮರಳೆನ್ನದೆ, ಆ ದಿನವೇ ವೈದ್ಯರಿಗೆ ತೋರಿಸಿರಿ.